ಮಂಡ್ಯ ಜಿಲ್ಲೆಯ ಜನಸಂಖ್ಯೆ, ದುಡಿಮೆ ಮತ್ತು ಬೇಸಾಯ

(ರೈತರು ಹಾಗೂ ಕೃಷಿ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರವೊಂದರಲ್ಲಿ ಬೇಸಾಯಶಾಸ್ತ್ರ ಉಪನ್ಯಾಸಕರು ಮಾಡಿದ ಭಾಷಣದ ಬರಹ ರೂಪ)



ಬೇಸಾಯಶಾಸ್ತ್ರದ ಮೇಷ್ಟ್ರು ಬಂದಿದ್ದಾರೆ, ಗೊಬ್ಬರ, ಬೀಜದ ವಿಷಯ ಹೇಳುತ್ತಾರೆ ಎಂದು ತಾವು ನಿರೀಕ್ಷಿಸಿರಬಹುದು. ಇಂದು ನಾನು ಮಾತನಾಡಬೇಕೆಂದಿರುವುದು ಜನರ ವಿಷಯ. ಏಕೆಂದರೆ ನಾವು ಶಿಫಾರಸು ಮಾಡುವ ಪ್ರತಿಯೊಂದು ಬೇಸಾಯ ಕ್ರಮವೂ ಕೊನೆಗೆ ಒಬ್ಬರ ಕೈಯಿಂದಲೇ ಆಗಬೇಕು. ಆ ಕೈ ಊರಿನಲ್ಲಿ ಇದೆಯೇ ಎಂದು ಕೇಳದೆ ಶಿಫಾರಸು ಮಾಡುವುದು ಸರಿಯಲ್ಲ.

ಇದನ್ನು ನಾನು ಕಲಿತದ್ದು ನಮ್ಮ ತಂದೆಯವರ ಗದ್ದೆಯಲ್ಲಿ. ಕೆಲವು ವರ್ಷಗಳ ಹಿಂದೆ ಮುಂಗಾರು ಹಂಗಾಮಿನಲ್ಲಿ, ನನ್ನ ಸಲಹೆಯಂತೆಯೇ ಅವರು ಒಳ್ಳೆಯ ಬೀಜ ತಂದು ಒಟ್ಲು ಬಿಟ್ಟರು. ನಾಲೆಯಲ್ಲಿ ನೀರೂ ಬಂತು. ನಾಟಿಗೆ ಆಳು ಮಾತ್ರ ಸಿಗಲಿಲ್ಲ. ಇಪ್ಪತ್ತೈದು ದಿನದಲ್ಲಿ ಕೀಳಬೇಕಾದ ಪೈರನ್ನು ನಲವತ್ತೈದನೆಯ ದಿನ ಕಿತ್ತು ನೆಟ್ಟೆವು. ತೆಂಡೆ ಒಡೆಯಲಿಲ್ಲ, ಇಳುವರಿ ಕುಗ್ಗಿತು. ತಂದೆಯವರು ಬೈಯಲಿಲ್ಲ. "ನಿನ್ನ ಪುಸ್ತಕದಲ್ಲಿ ಆಳು ಎಲ್ಲಿ ಸಿಗ್ತಾರೆ ಅಂತ ಬರೆದಿಲ್ವೇನಪ್ಪ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂಕಿ ಅಂಶ ಏನು ಹೇಳುತ್ತದೆ?

ಮೊದಲು ನಮ್ಮ ಜಿಲ್ಲೆಯ ಲೆಕ್ಕ ನೋಡೋಣ. ಮಂಡ್ಯ ಜಿಲ್ಲೆಯಲ್ಲಿ 1971ರಲ್ಲಿ 11.54 ಲಕ್ಷ ಜನರಿದ್ದರು. 1981ರಲ್ಲಿ 14.18 ಲಕ್ಷ, 1991ರಲ್ಲಿ 16.44 ಲಕ್ಷ, 2001ರಲ್ಲಿ 17.64 ಲಕ್ಷ ಮತ್ತು 2011ರಲ್ಲಿ 18.06 ಲಕ್ಷ ಜನರಿದ್ದರು. ಬೆಳವಣಿಗೆಯ ಪ್ರಮಾಣವನ್ನು ಗಮನಿಸಿರಿ. ಮೊದಲ ಹತ್ತು ವರ್ಷಗಳಲ್ಲಿ ಸುಮಾರು ಶೇಕಡಾ 23; ಮುಂದಿನ ದಶಕದಲ್ಲಿ ಶೇಕಡಾ 16; ಆಮೇಲೆ ಶೇಕಡಾ 7; ಕೊನೆಯ ದಶಕದಲ್ಲಿ ಶೇಕಡಾ 2.4 ಮಾತ್ರ. ಇದೇ ಕೊನೆಯ ಹತ್ತು ವರ್ಷಗಳಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಶೇಕಡಾ 15.6ರಷ್ಟು ಏರಿತು, ಬೆಂಗಳೂರು ನಗರ ಜಿಲ್ಲೆಯದು ಶೇಕಡಾ 47ರಷ್ಟು ಏರಿತು.

ನಮ್ಮದೊಂದೇ ಜಿಲ್ಲೆಯ ಕಥೆಯಲ್ಲ. ಹಾಸನದಲ್ಲಿ ಏರಿಕೆ ಶೇಕಡಾ 3ರಷ್ಟು, ಕೊಡಗಿನಲ್ಲಿ ಶೇಕಡಾ 1ರಷ್ಟು. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ 2001ಕ್ಕಿಂತ 2011ರಲ್ಲಿ ಜನ ಕಡಿಮೆಯೇ ಆದರು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಅದರ ಆಧಾರ ದಿನವಾಗಿ ಗೊತ್ತುಪಡಿಸಲಾಯಿತು. ಆದುದರಿಂದ ನಾನು 2011ರ ಲೆಕ್ಕವನ್ನೇ ಮುಂದಿಟ್ಟಿದ್ದೇನೆ.

ಇದಕ್ಕೆ ಕಾರಣ ಎರಡು. ಒಂದು, ಹೆರಿಗೆ ಕಡಿಮೆಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1992-93ರಲ್ಲಿ ಮೂರಕ್ಕೆ ಸ್ವಲ್ಪ ಕಡಿಮೆ ಮಕ್ಕಳಿದ್ದದ್ದು 2019-21ರ ವೇಳೆಗೆ 1.7ಕ್ಕೆ ಇಳಿದಿದೆ. ಎರಡು, ಪ್ರಾಯದವರು ಊರು ಬಿಟ್ಟು ಬೆಂಗಳೂರು, ಮೈಸೂರಿಗೆ ಹೋಗುತ್ತಿದ್ದಾರೆ. ಕೃಷ್ಣರಾಜಪೇಟೆ ಕಡೆಯವರು ಮುಂಬಯಿಗೂ ಹೋಗಿ ನೆಲೆಸಿದ್ದಾರೆ. ಊರಿನಲ್ಲಿ ಉಳಿಯುವವರು ಹೆಚ್ಚಾಗಿ ವಯಸ್ಸಾದವರು, ಹೆಂಗಸರು ಮತ್ತು ಶಾಲೆಗೆ ಹೋಗುವ ಮಕ್ಕಳು.

ಜನ ಕಡಿಮೆಯಾದರೆ ಹಿಡುವಳಿ ದೊಡ್ಡದಾಗಬೇಕಲ್ಲವೇ ಎಂದು ತಾವು ಕೇಳಬಹುದು. ಹಾಗಾಗಿಲ್ಲ. ಕರ್ನಾಟಕದಲ್ಲಿ 1970-71ರಲ್ಲಿ ಸರಾಸರಿ ಹಿಡುವಳಿ 3.20 ಹೆಕ್ಟೇರ್, ಅಂದರೆ ಸುಮಾರು ಎಂಟು ಎಕರೆ ಇತ್ತು. 2015-16ರ ಕೃಷಿ ಗಣತಿಯಲ್ಲಿ ಅದು 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಯೂ ಇಲ್ಲ. ಮಗ ಊರು ಬಿಟ್ಟು ಹೋಗುತ್ತಾನೆ, ಆದರೆ ಜಮೀನಿನ ಭಾಗ ಬಿಡುವುದಿಲ್ಲ. ಬಿಡಬೇಕೆಂದೂ ನಾನು ಹೇಳುವುದಿಲ್ಲ. ಪಟ್ಟಣದ ನೌಕರಿಗೆ ನೆಚ್ಚಿಕೆಯಿಲ್ಲದಿರುವಾಗ ಊರಿನ ಎರಡು ಎಕರೆಯೇ ಅವನ ಆಸರೆ.

ಈ ಆಸರೆ ಎಷ್ಟು ದೊಡ್ಡದೆಂಬುದು 2020ರಲ್ಲಿ ಗೊತ್ತಾಯಿತು. ಕೊರೋನಾ ಬಂದಾಗ ಪಟ್ಟಣದಿಂದ ಮಕ್ಕಳು ಹಿಂತಿರುಗಿದರು. ದೇಶದ ದುಡಿಮೆಗಾರರಲ್ಲಿ ಕೃಷಿಯಲ್ಲಿ ತೊಡಗಿದವರ ಪಾಲು 2018-19ರಲ್ಲಿ ಶೇಕಡಾ 42.5 ಇದ್ದದ್ದು, 2019-20ರಲ್ಲಿ 45.6ಕ್ಕೆ, 2020-21ರಲ್ಲಿ 46.5ಕ್ಕೆ ಏರಿತು. ಇಳಿಯುತ್ತಿದ್ದ ಪಾಲು ಮೇಲಕ್ಕೆ ತಿರುಗಿತು. ಹೊಲ ಎಲ್ಲರಿಗೂ ಗಂಜಿ ಕೊಟ್ಟಿತು. ಆದರೆ ಎಲ್ಲರಿಗೂ ವರ್ಷವಿಡೀ ಕೆಲಸ ಕೊಡಲಿಲ್ಲ. ಆದ್ದರಿಂದ ಬಂದವರಲ್ಲಿ ಅನೇಕರು ಮತ್ತೆ ಹೊರಟರು.

ನೀರು ಬಂದ ಊರು, ಬಾರದ ಊರು

ನಮ್ಮ ಜಿಲ್ಲೆಯಲ್ಲಿ ದುಡಿಮೆ ಬದಲಾದ ಬಗೆಯನ್ನು ಬಹಳ ಹಿಂದೆಯೇ ಒಬ್ಬರು ಅಭ್ಯಾಸ ಮಾಡಿದ್ದಾರೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದ ನಡುವೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲೆಸಿ ಪುಸ್ತಕ ಬರೆದರು. ಅದರಲ್ಲಿ ಒಂದು ಊರನ್ನು ವಂಗಲ ಎಂದೂ, ಇನ್ನೊಂದನ್ನು ದಲೇನ ಎಂದೂ ಕರೆದಿದ್ದಾರೆ. ವಂಗಲಕ್ಕೆ ನಾಲೆಯ ನೀರು ಬಂತು. ಜನ ಕಬ್ಬು ಬೆಳೆದು ಬೇಸಾಯದಲ್ಲಿಯೇ ಉಳಿದರು. ದಲೇನದ ಭೂಮಿ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಆ ಊರಿನವರು ಮಂಡ್ಯ ಪಟ್ಟಣದ ನೌಕರಿ, ವ್ಯಾಪಾರ, ಇತರ ಕಸುಬುಗಳ ಕಡೆ ತಿರುಗಿದರು. ನೀರು ಬಂದ ಊರು ಹಳೆಯ ಜಾಡಿನಲ್ಲಿ ಮುಂದುವರಿದರೆ, ಬಾರದ ಊರು ಹೊಸ ಜಾಡು ಹುಡುಕಿತು.

ಇಂದು ನೀರಾವರಿ ಊರಿನ ಹುಡುಗನೂ ದಲೇನದವರ ದಾರಿಯನ್ನೇ ಹಿಡಿದಿದ್ದಾನೆ. ಬೆಳಿಗ್ಗೆ ಏಳಕ್ಕೆ ಮದ್ದೂರು ಕಡೆಯ ರಸ್ತೆಯಲ್ಲಿ ನಿಂತು ನೋಡಿರಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ವ್ಯಾನುಗಳು ಸಾಲಾಗಿ ಹೋಗುತ್ತವೆ. ಇವರ ತಾಯಂದಿರೇ ನಮ್ಮ ನಾಟಿಯ ಆಳುಗಳಾಗಿದ್ದವರು. ತಿಂಗಳಿಗೊಮ್ಮೆ ಸಂಬಳ, ಬಿಸಿಲಿಲ್ಲದ ಕೆಲಸ. ಅವರು ಹೋಗುವುದನ್ನು ದೂರುವ ಹಕ್ಕು ನಮಗಿಲ್ಲ. ವರ್ಷಕ್ಕೆ ಎರಡು ತಿಂಗಳು ಮಾತ್ರ ಅವರನ್ನು ಕರೆದು, ಉಳಿದ ಹತ್ತು ತಿಂಗಳು ಮರೆತವರು ನಾವು.

ನಮ್ಮ ಸಮಸ್ಯೆಯ ತಿರುಳು ಇಲ್ಲಿಯೇ ಇದೆ. ಆಳಿನ ಕೊರತೆಯೂ ಇದೆ, ಕೆಲಸದ ಕೊರತೆಯೂ ಇದೆ. ನಾಟಿ, ಕಳೆ, ಕೊಯ್ಲು ಬಂದಾಗ ಕೈ ಸಾಲದು. ಉಳಿದ ದಿನ ಕೈಗೆ ಕೆಲಸ ಸಾಲದು. ಆದ್ದರಿಂದ ಒತ್ತಡದ ದಿನಗಳ ದುಡಿಮೆಯನ್ನು ಇಳಿಸಬೇಕು, ಬರಿದಾದ ದಿನಗಳಿಗೆ ದುಡಿಮೆಯನ್ನು ಒದಗಿಸಬೇಕು.

ಒತ್ತಡದ ದಿನಗಳಿಗೆ ಉಪಾಯ

ಭತ್ತ: ಒಂದು ಎಕರೆ ನಾಟಿಗೆ ಸುಮಾರು 12ರಿಂದ 15 ಆಳು ಬೇಕು. ಡ್ರಮ್ ಸೀಡರ್‌ನಿಂದ ಮೊಳಕೆ ಕಟ್ಟಿದ ಬೀಜವನ್ನು ಕೆಸರಿನಲ್ಲಿ ನೇರವಾಗಿ ಬಿತ್ತಿದರೆ ಇಬ್ಬರು ಒಂದು ದಿನದಲ್ಲಿ ಸುಮಾರು ಎರಡು ಎಕರೆ ಮುಗಿಸಬಹುದು. ಎಕರೆಗೆ 12ರಿಂದ 14 ಕಿಲೋ ಬೀಜ ಸಾಕು. ಬೀಜವನ್ನು 24 ಗಂಟೆ ನೆನೆಸಿ, 24 ಗಂಟೆ ಕಾವಿಗೆ ಕಟ್ಟಿಡಿ. ಮೊಳಕೆ ಕಣ್ಣು ಬಿಟ್ಟರೆ ಸಾಕು, ಉದ್ದ ಬೆಳೆದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗದ್ದೆಯನ್ನು ಚೆನ್ನಾಗಿ ಸಮ ಮಾಡಿ, ನಿಂತ ನೀರನ್ನು ಬಸಿದು ಬಿತ್ತಬೇಕು. ನಾಟಿ ಗದ್ದೆಗಿಂತ ಇಲ್ಲಿ ಕಳೆ ಹೆಚ್ಚು. ಮೊದಲ 40 ದಿನ ಕಳೆಯನ್ನು ಹತೋಟಿಯಲ್ಲಿಡುವವರು ಮಾತ್ರ ಈ ಕ್ರಮವನ್ನು ಅನುಸರಿಸಬೇಕು.

ಊರಿನ ಹತ್ತಾರು ರೈತರು ಒಟ್ಟಾಗುವುದಾದರೆ ನಾಟಿ ಯಂತ್ರ ಉತ್ತಮ. ಇದಕ್ಕೆ ಚಾಪೆ ಮಾದರಿಯ ಸಸಿಮಡಿ ಬೇಕು. 15ರಿಂದ 18 ದಿನದ ಪೈರು ಸಾಕು. ನಾಲೆಯ ಕೊನೆಯ ಭಾಗದಲ್ಲಿ ನೀರಿನ ಅಭಾವವಿರುವವರು ಏರೋಬಿಕ್ ಪದ್ಧತಿಯಲ್ಲಿ ಕೆಸರು ಮಾಡದೆ ಭತ್ತ ಬಿತ್ತಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಇದಕ್ಕೆಂದೇ ಎಂಎಎಸ್ 946-1 ಮತ್ತು ಎಂಎಎಸ್ 26 ತಳಿಗಳನ್ನು ಹೊರತಂದಿದೆ.

ಕಬ್ಬು: ಮೂರು ಅಡಿ ಸಾಲಿನ ಬದಲು ನಾಲ್ಕರಿಂದ ಐದು ಅಡಿ ಸಾಲು ಬಿಟ್ಟರೆ ಸಣ್ಣ ಟ್ರಾಕ್ಟರ್ ಅಥವಾ ಪವರ್ ಟಿಲ್ಲರ್ ಒಳಗೆ ಹೋಗಿ ಕಳೆ ತೆಗೆದು ಮಣ್ಣು ಏರಿಸುತ್ತದೆ. ಅಗಲದ ಸಾಲಿನಲ್ಲಿ ಮೊದಲ ಮೂರು ತಿಂಗಳು ಉದ್ದು, ಹೆಸರು, ಅಲಸಂದೆ ಬೆಳೆಯಬಹುದು. ಕೂಳೆ ಕಬ್ಬಿನ ತರಗಿಗೆ ಬೆಂಕಿ ಇಡಬೇಡಿ. ಸಾಲಿನ ನಡುವೆ ಹೊದಿಸಿದರೆ ಕಳೆ ತಗ್ಗುತ್ತದೆ, ತೇವ ಉಳಿಯುತ್ತದೆ.

ಯಂತ್ರವನ್ನು ಪ್ರತಿ ಮನೆಯೂ ಕೊಳ್ಳುವುದು ತರವಲ್ಲ. ಮೂರು ಎಕರೆಗೆ ಕೊಂಡ ಯಂತ್ರ ಸಾಲವನ್ನು ಬಿತ್ತುತ್ತದೆ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರ ಅಥವಾ ಸಹಕಾರ ಸಂಘದ ಮೂಲಕ ಪಡೆಯಿರಿ. ನಮ್ಮ ಹಿರಿಯರು ಮುಯ್ಯಾಳು ಮಾಡುತ್ತಿದ್ದರು. ಯಂತ್ರಕ್ಕೂ ಮುಯ್ಯಿ ಪದ್ಧತಿ ತರಬಹುದು.

ವರ್ಷವಿಡೀ ದುಡಿಮೆ

ಬರಿದಾದ ದಿನಗಳಿಗೆ ನಮ್ಮ ಜಿಲ್ಲೆಯಲ್ಲಿ ಎರಡು ಪರೀಕ್ಷಿತ ದಾರಿಗಳಿವೆ: ರೇಷ್ಮೆ ಮತ್ತು ಹೈನುಗಾರಿಕೆ. ಒಂದು ಎಕರೆ ಹಿಪ್ಪುನೇರಳೆ ವರ್ಷದಲ್ಲಿ ಹಲವು ಬಾರಿ ದುಡಿಮೆಯನ್ನೂ ಹಣವನ್ನೂ ಕೊಡುತ್ತದೆ. ಸೊಪ್ಪು ಬಿಡಿಸಿ ಹಾಕುವ ಬದಲು ರೆಂಬೆಯನ್ನೇ ಹುಳುವಿಗೆ ಹಾಕಿದರೆ ದುಡಿಮೆ ಬಹಳಷ್ಟು ಉಳಿಯುತ್ತದೆ. ವಯಸ್ಸಾದ ದಂಪತಿಯೂ ಸಾಕಣೆ ನಡೆಸಬಹುದು. ಹಾಲಿನ ಡೈರಿ ಊರೂರಿಗೂ ಇದೆ. ಬದುವಿನಲ್ಲಿ ಮೇವಿನ ಹುಲ್ಲು, ಅಗಸೆ ಬೆಳೆದುಕೊಂಡರೆ ಹುಲ್ಲಿಗಾಗಿ ತಲೆಹೊರೆ ಹೊರುವ ಹೆಂಗಸಿನ ಅರ್ಧ ದಿನ ಉಳಿಯುತ್ತದೆ.

ಲೆಕ್ಕಕ್ಕೆ ಸಿಗದ ದುಡಿಮೆ

ಇಲ್ಲಿ ತಾಯಂದಿರ ವಿಷಯ ಹೇಳಲೇಬೇಕು. ಗಣತಿಯವರು ಬಂದು "ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?" ಎಂದರೆ ನಾವು ಸಲೀಸಾಗಿ "ಏನಿಲ್ಲ, ಮನೆಯಲ್ಲಿದ್ದಾರೆ" ಎನ್ನುತ್ತೇವೆ. ಆಕೆ ಮೂರು ಹಸು ಕಟ್ಟಿ, ಹಾಲು ಕರೆದು, ಕಳೆ ಕಿತ್ತು ಬಂದಿರುತ್ತಾಳೆ. 2001 ಮತ್ತು 2011ರ ಗಣತಿಯ ಸೂಚನೆಯಂತೆ, ಮನೆಯ ಬಳಕೆಗೆ ಮಾತ್ರ ಬೆಳೆ ಬೆಳೆದರೂ, ಹಾಲು ಉತ್ಪಾದಿಸಿದರೂ ಅದು ದುಡಿಮೆಯೇ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು. ನಮ್ಮ ಒಂದು ಮಾತಿನಿಂದ ಆಕೆ ಲೆಕ್ಕದಿಂದ ಬಿದ್ದುಹೋಗುತ್ತಾಳೆ. ಲೆಕ್ಕದಲ್ಲಿಲ್ಲದವರಿಗಾಗಿ ಯೋಜನೆ ಮಾಡುವವರಿಲ್ಲ. ಆದ್ದರಿಂದ ಗಣತಿಯವರಿಗೆ ನಿಜ ಹೇಳಿರಿ, ಆಕೆಯೇ ಹೇಳಲಿ.

ವಿಸ್ತರಣಾ ಮಿತ್ರರಿಗೂ ಒಂದು ಮಾತು. ಇದರಲ್ಲಿ ನಾನೂ ತಪ್ಪಿತಸ್ಥ. ನಾವು ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತೇವೆ. ಆಗ ಗದ್ದೆಯಲ್ಲಿ ದುಡಿಯುವವರು ಗದ್ದೆಯಲ್ಲಿರುತ್ತಾರೆ, ಪಹಣಿಯಲ್ಲಿ ಹೆಸರಿರುವವರು ಸಭೆಯಲ್ಲಿರುತ್ತಾರೆ. ಊರು ಬಿಟ್ಟವರ ಜಮೀನನ್ನು ವಾರಕ್ಕೆ ಮಾಡುವವರೂ ಸಭೆಗೆ ಬರುವುದಿಲ್ಲ. ಅವರದು ಬಾಯಿಮಾತಿನ ಕರಾರು. ಬೆಳೆ ಹೋದರೆ ನಷ್ಟ ಅವರದು, ದಾಖಲೆ ಮಾತ್ರ ಒಡೆಯನದು. ಸಂಜೆ ಡೈರಿಯ ಬಳಿ ಹಾಲು ಹಾಕುವ ಹೊತ್ತಿಗೆ ಹೋಗಿ ಮಾತನಾಡೋಣ. ನಿಜವಾದ ಬೇಸಾಯಗಾರರು ಅಲ್ಲಿ ಸಿಗುತ್ತಾರೆ.

ಕೊನೆಯದಾಗಿ, ಊರಿನಲ್ಲಿ ಉಳಿದ ಹುಡುಗರ ವಿಷಯ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಅವರ ಅಳಲು. ಕೆಲವರು ನಕ್ಕರು. ನಗುವ ವಿಷಯ ಇದಲ್ಲ. ಹಿಂದೆ ಹೆಣ್ಣು ಮಗು ಬೇಡವೆಂದ ಮನೆಗಳ ಪಾಪವೂ ಇದರಲ್ಲಿ ಸೇರಿದೆ. ಅದಲ್ಲದೆ, ಓದಿದ ಹೆಣ್ಣುಮಗಳು ಬೇಸಾಯದ ಮನೆಗೆ ಬರಬೇಕಾದರೆ, ಆ ಮನೆಯಲ್ಲಿ ಅವಳ ದುಡಿಮೆಗೆ ಬೆಲೆ, ಪಹಣಿಯಲ್ಲಿ ಅವಳ ಹೆಸರು, ಡೈರಿ ಪುಸ್ತಕದಲ್ಲಿ ಅವಳ ಲೆಕ್ಕ ಇರಬೇಕು.

ಬಾಂಧವರೇ, ಮನೆಗೆ ಹೋದ ಮೇಲೆ ಒಂದು ಕಾಗದದಲ್ಲಿ ಹನ್ನೆರಡು ತಿಂಗಳನ್ನು ಬರೆಯಿರಿ. ಪ್ರತಿ ತಿಂಗಳ ಎದುರಿಗೆ ನಿಮ್ಮ ಹೊಲಕ್ಕೆ ಎಷ್ಟು ಆಳು ಬೇಕು, ಮನೆಯಲ್ಲಿ ಎಷ್ಟು ಕೈಗಳಿವೆ ಎಂದು ಗುರುತು ಮಾಡಿ. ಕೊರತೆ ಕಂಡ ತಿಂಗಳಿಗೆ ಯಂತ್ರ ಅಥವಾ ಬೇಸಾಯ ಕ್ರಮವನ್ನು, ಬಿಡುವು ಕಂಡ ತಿಂಗಳಿಗೆ ಉಪಕಸುಬನ್ನು ಯೋಚಿಸಿ. ಆ ಕಾಗದವನ್ನು ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕಾಗಲಿ, ನಮ್ಮಲ್ಲಿಗಾಗಲಿ ಬನ್ನಿರಿ. ನಮ್ಮ ತಂದೆಯವರು ಈಗ ಅರ್ಧ ಗದ್ದೆಗೆ ಡ್ರಮ್ ಸೀಡರ್ ಎಳೆಸುತ್ತಾರೆ. ಉಳಿದರ್ಧಕ್ಕೆ ಪಕ್ಕದ ಮನೆಯವರೊಂದಿಗೆ ಮುಯ್ಯಾಳು. ಪೈರು ಒಟ್ಲಿನಲ್ಲಿ ಬಲಿಯುವುದು ನಿಂತಿದೆ.