ಬಿಟ್ಟಿ ಪಯಣದ ಬೆಲೆ

ಕಥಾಸರಿತ್ಸಾಗರದ ಪುತ್ರಕನ ಕಥೆಯನ್ನು ಕೇಳುಗರಲ್ಲಿ ಹಲವರು ಬಲ್ಲಿರಿ. ಮಯಾಸುರನ ಮಕ್ಕಳಿಬ್ಬರು ತಂದೆಯ ಮಾಯಾವಸ್ತುಗಳಿಗಾಗಿ ಹೊಡೆದಾಡುತ್ತಿದ್ದರು. ಓಟದಲ್ಲಿ ಗೆದ್ದವನಿಗೆ ಅವು ಸಲ್ಲಲೆಂದು ಪುತ್ರಕನು ಅವರನ್ನು ಓಡಲು ಹಚ್ಚಿ, ತಾನು ಪಾದುಕೆಗಳನ್ನು ಮೆಟ್ಟಿ ಆಕಾಶಕ್ಕೇರಿದನು. ನಡೆಯದೆಯೇ ತಲುಪಬೇಕೆಂಬ ಆಸೆ ಅಷ್ಟು ಹಳೆಯದು. ಇಂದು ಆ ಪಾದುಕೆಗಳು ಕಂಪ್ಯೂಟರಿನ ಆಟಗಳಲ್ಲಿ, ಎಷ್ಟೋ ಕಡೆ ಬಿಟ್ಟಿಯಾಗಿಯೇ, ದೊರೆಯುತ್ತವೆ.

ಸಾವಿರಾರು ಜನ ತಂತಮ್ಮ ಮನೆಗಳಲ್ಲಿ ಕುಳಿತು, ಒಂದೇ ಕಲ್ಪಿತ ಲೋಕದಲ್ಲಿ ಯೋಧನಾಗಿಯೋ ಮಾಂತ್ರಿಕನಾಗಿಯೋ ಸಂಚರಿಸುವ ಆಟಗಳಿವು. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆಟದ ಲೋಕ ಬಹು ವಿಸ್ತಾರವಾದುದು. ಖಂಡದಿಂದ ಖಂಡಕ್ಕೆ ಹೋಗುವವರು ಕಟ್ಟೆಯಲ್ಲಿ ಹಡಗಿಗಾಗಿ ಕಾಯುತ್ತಿದ್ದರು. ಒಡನಾಡಿಗಳನ್ನು ಕ್ಷಣಮಾತ್ರದಲ್ಲಿ ದೂರಕ್ಕೆ ಸಾಗಿಸುವ ಮಂತ್ರ ವಿಜರ್ಡ್, ಡ್ರೂಯಿಡ್ ಎಂಬ ಎರಡು ವರ್ಗದವರಿಗೆ ಮಾತ್ರ ಸಿದ್ಧಿಸಿತ್ತು. ಉಳಿದವರು ಅವರನ್ನು ಹುಡುಕಿ, ಕೇಳಿಕೊಂಡು, ಕೈಲಾದಷ್ಟು ಕಾಣಿಕೆಯಿತ್ತು ಪಯಣಿಸುತ್ತಿದ್ದರು.

2002ರಲ್ಲಿ ಆ ಆಟಕ್ಕೊಂದು ವಿಸ್ತರಣೆ ಬಂದಿತು. ಊರುಗಳ ಬಳಿ ಮಾಯಾಪುಸ್ತಕಗಳು ನೆಲೆಗೊಂಡವು. ಒಂದನ್ನು ಮುಟ್ಟಿದರೆ ಜ್ಞಾನಲೋಕವೆಂಬ ನಡುತಾಣ. ಅಲ್ಲಿ ಇನ್ನೊಂದನ್ನು ಮುಟ್ಟಿದರೆ ದೂರದ ಊರು. ವಿಸ್ತರಣೆಯನ್ನು ಕೊಂಡವರಿಗೆ ಪಯಣಕ್ಕೆ ಬೇರೆ ಖರ್ಚಿಲ್ಲ. ಪುಸ್ತಕವು ಮನುಷ್ಯನನ್ನು ದೂರಕ್ಕೊಯ್ಯುತ್ತದೆಂದು ತರಗತಿಗಳಲ್ಲಿ ಜೀವಮಾನವೆಲ್ಲ ಸಾರಿದ ನನ್ನಂಥವನಿಗೆ ಇದರಿಂದ ಸಂತೋಷವೇ ಆಗಬೇಕು. ಆದರೆ ಮಂತ್ರಬಲ್ಲವರ ಬಳಿ ಕೇಳಿಕೊಳ್ಳುವ ಅಗತ್ಯ ತಗ್ಗಿತು. ಅದರೊಂದಿಗೆ ಅಪರಿಚಿತರ ನಡುವಣ ಎರಡು ಮಾತೂ ತಗ್ಗಿತು. ಉಳಿದ ಹಣವನ್ನು ಎಣಿಸಬಹುದು. ಆಡದೆ ಹೋದ ಮಾತನ್ನು ಎಣಿಸುವುದು ಹೇಗೆ?

ಹಾಗೆಂದು ಬಿಟ್ಟಿ ಪಯಣವನ್ನು ಹಳಿಯುವುದು ನ್ಯಾಯವಲ್ಲ. ದಿನವೆಲ್ಲ ದುಡಿದು ರಾತ್ರಿ ಒಂದು ಗಂಟೆ ಬಿಡುವು ಪಡೆದವನು, ಅದರ ಮುಕ್ಕಾಲು ಪಾಲನ್ನು ಕಂಡ ದಾರಿಯನ್ನೇ ಮತ್ತೆ ತುಳಿಯುತ್ತ ಕಳೆಯಬೇಕೆನ್ನುವುದು ಕ್ರೌರ್ಯವೇ ಸರಿ. 2005ರ ಗಿಲ್ಡ್ ವಾರ್ಸ್ ಎಂಬ ಆಟ ಇದಕ್ಕೊಂದು ಮಧ್ಯಮಮಾರ್ಗವನ್ನು ಕಂಡುಕೊಂಡಿತು. ಹೊಸ ಬೀಡನ್ನು ಮೊದಲ ಸಲ ಪ್ರಯಾಸಪಟ್ಟೇ ಸೇರಬೇಕು. ಅನಂತರ ಭೂಪಟದ ಮೇಲೆ ಬೆರಳಿಟ್ಟರೆ ಸಾಕು, ಕಾಸಿಲ್ಲದೆ ಅಲ್ಲಿರುತ್ತೇವೆ.

ಇದರ ಅರ್ಥ ನನಗೆ ತಿಳಿದದ್ದು ಮೊಮ್ಮಗನಿಂದ. ಪುಣೆಯಲ್ಲಿರುವ ಅವನು ಆ ಲೋಕದ ಮೂಲೆಮೂಲೆಯನ್ನೂ ಕಂಡವನು. ನಾನು ಮೊದಲ ಬೀಡುಗಳಲ್ಲೇ ತಡವರಿಸುತ್ತಿದ್ದೆ. ಅವನಿದ್ದ ಊರಿಗೆ ಹೋಗಲು ನನಗೆ ದಾರಿಯೇ ತೆರೆದಿರಲಿಲ್ಲ. ಮುದುಕನಿಗಾಗಿ ಅವನ ಆಟ ಕೆಡುವುದು ಬೇಡವೆಂದು, "ನೀನು ಆಡಪ್ಪ, ನಾನು ಮಲಗುತ್ತೇನೆ" ಎಂದೆ. "ತಾತ, ನೀವು ಅಲ್ಲೇ ಇರಿ, ನಾನೇ ಬರ್ತೀನಿ" ಎಂದನು. ಮರುಗಳಿಗೆಯಲ್ಲಿ ಅವನ ಯೋಧ ನನ್ನ ಪಕ್ಕದಲ್ಲಿ ನಿಂತಿದ್ದ.

ಅಲ್ಲಿಂದ ಮುಂದಿನ ಬೀಡಿಗೆ ಇಬ್ಬರೂ ನಡೆದೇ ಹೋದೆವು. ಅವನಿಗೆ ಅದು ಕಂಡ ದಾರಿ, ಆದರೂ ಅವಸರಪಡಿಸಲಿಲ್ಲ. ನಾನು ನಿಂತಲ್ಲಿ ನಿಂತ, ಬಿದ್ದಲ್ಲಿ ಎಬ್ಬಿಸಿದ. ದಾರಿಯುದ್ದಕ್ಕೂ ಶಾಲೆಯ ಸುದ್ದಿ ಹೇಳಿದ. ಬಿಟ್ಟಿ ಪಯಣವನ್ನು ಅವನು ಬಳಸಿದ್ದು ನಡಿಗೆಯನ್ನು ತಪ್ಪಿಸಿಕೊಳ್ಳಲು ಅಲ್ಲ, ನನ್ನೊಡನೆ ನಡೆಯಲು. ಆ ರಾತ್ರಿಯಿಂದ ನಾನು ಪುತ್ರಕನ ಪಾದುಕೆಗಳನ್ನು ಹಳಿಯುವುದನ್ನು ಬಿಟ್ಟಿದ್ದೇನೆ.