ಕೂಸಿನ ಪಾಲಿನ ಹಾಲು

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಪೋತ್ನಾಳದ ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ದಿನವಿದು. ಲೀಟರು, ಫ್ಯಾಟು, ರೇಟಿನ ಮಾತನ್ನು ಮುಂದಿನವರು ಆಡುತ್ತಾರೆ. ನಾವು ಅಳೆಯದ, ಮಾರದ ಒಂದು ಹಾಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಅದು ಈಗತಾನೆ ಹುಟ್ಟಿದ ಕೂಸಿಗೆ ಸೇರಬೇಕಾದ ತಾಯಿಹಾಲು. ಗಂಡಸರಿಗ್ಯಾಕ ಈ ಮಾತು ಅಂತ ಯಾರೂ ನಗಬಾರದು. ಹಾಲಿನ ಪುಡಿ ಡಬ್ಬಿ ತರಲು ಮೆಡಿಕಲ್ ಅಂಗಡಿಗೆ ಓಡುವವರು ನಾವೇ ಅಲ್ಲವೇ?

ಎಮ್ಮೆ ಈದ ಕೂಡಲೆ ಕರುವಿಗೆ ಗಿಣ್ಣದ ಹಾಲು ಕುಡಿಸದಿದ್ದರೆ ಕರು ಉಳಿಯೋದು ಕಷ್ಟ ಎಂಬುದು ನಮಗೆಲ್ಲ ಗೊತ್ತು. ಆದರೆ ಮನೆಯ ಸೊಸೆ ಹೆತ್ತಾಗ ಮೊದಲ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲು ಅನ್ನುವ ಮನೆಗಳು ಇನ್ನೂ ಇವೆ. ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುತ್ತಾರೆ. ಇದು ತಪ್ಪು. ಆ ಹಳದಿ ಹಾಲಿನಲ್ಲಿಯೇ ರೋಗ ತಡೆಯುವ ಶಕ್ತಿ ಇದೆ. ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಬೇಕು, ಆರು ತಿಂಗಳು ತಾಯಿಹಾಲು ಬಿಟ್ಟು ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೊದಲ ದಿನ ಹಾಲು ಕಡಿಮೆ ಬರುತ್ತದೆಂದು ಹೆದರಬಾರದು. ಆಗ ಕೂಸಿಗೆ ಒಂದು ಸಲಕ್ಕೆ ಬೇಕಾದದ್ದೇ ಒಂದು ಚಮಚದಷ್ಟು. ಆಪರೇಷನ್ ಆದ ತಾಯಿ ಕೂಡ ಎಚ್ಚರವಿದ್ದರೆ ನರ್ಸ್ ಸಹಾಯದಿಂದ ಕುಡಿಸಬಹುದು.

ನಿಜವಾದ ತೊಂದರೆ ಇರುವುದು ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳಿಗೆ. ಅವಕ್ಕೆ ಚೀಪುವ ಶಕ್ತಿ ಇರೋದಿಲ್ಲ. ಆಂಬುಲೆನ್ಸಿನಲ್ಲಿ ಕೂಸನ್ನು ದೂರದ ಆಸ್ಪತ್ರೆಗೆ ಒಯ್ಯುತ್ತೇವೆ, ಬಾಣಂತಿಯನ್ನು ಮಾತ್ರ ಮನೆಯಲ್ಲೋ ಇನ್ನೊಂದು ಆಸ್ಪತ್ರೆಯಲ್ಲೋ ಬಿಡುತ್ತೇವೆ. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಕೂಸು ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಊರಲ್ಲಿ. ಎಂಟು ದಿನಕ್ಕೆ ಕೂಸೇನೋ ಹುಷಾರಾಗಿ ಬಂತು, ಆದರೆ ತಾಯಿಯ ಎದೆ ಬತ್ತಿತ್ತು. ಹಿಂಡದ ಎಮ್ಮೆ ಬತ್ತುತ್ತದೆ ಎಂದು ತಿಳಿದ ನಮಗೆ ಇದು ಹೊಳೆಯಬೇಕಿತ್ತು.

ಇದಕ್ಕೆ ದಾರಿ ಇದೆ. ಕೂಸು ಚೀಪದಿದ್ದರೂ ತಾಯಿ ಹೆರಿಗೆಯಾದ ಕೆಲವೇ ತಾಸಿನಲ್ಲಿ ಕೈಯಿಂದ ಹಾಲು ಹಿಂಡಲು ಶುರು ಮಾಡಬೇಕು. ಹಗಲು ರಾತ್ರಿ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಮೊದಲು ಹನಿ ಹನಿ ಬಂದರೂ ಬಿಡಬಾರದು. ಆ ಹಾಲನ್ನು ನಳಿಗೆಯಿಂದಲೋ, ಒಳಲೆಯಿಂದಲೋ, ಚಮಚದಿಂದಲೋ ಆಸ್ಪತ್ರೆಯವರು ಕುಡಿಸುತ್ತಾರೆ. ದಿನ ತುಂಬದ ಕೂಸುಗಳಿಗೆ ಕರುಳು ಕೆಡುವ ಭಾರೀ ರೋಗ ಬರುತ್ತದೆ. ಪುಡಿ ಹಾಲಿಗಿಂತ ತಾಯಿಹಾಲು ಕುಡಿದ ಕೂಸುಗಳಲ್ಲಿ ಅದು ಕಡಿಮೆ.

ಇನ್ನೊಂದು ಉಪಾಯ, ಕೂಸನ್ನು ತಾಯಿಯ ಬರಿ ಎದೆಗೆ ಅವಚಿ ಕಟ್ಟಿಕೊಳ್ಳುವುದು. ಇದಕ್ಕೆ ಕಾಂಗರೂ ಆರೈಕೆ ಅಂತಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೆ ಇದನ್ನು ಶುರು ಮಾಡಿದ್ದರಿಂದ ಸಣ್ಣ ಕೂಸುಗಳ ಸಾವು ನೂರಕ್ಕೆ 25ರಷ್ಟು ಕಡಿಮೆಯಾಯಿತು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ 2 ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಇದನ್ನು ಮಾಡಿ ತೋರಿಸಿದ್ದಾರೆ. ತಾಯಿ ದಣಿದರೆ ಅಪ್ಪ, ಅಜ್ಜಿ ಕೂಡ ಕಟ್ಟಿಕೊಳ್ಳಬಹುದು. ಖರ್ಚು ಏನೂ ಇಲ್ಲ.

ತಾಯಿಗೆ ಹಾಲು ಬಾರದಿದ್ದರೆ? ನಾವು ಹಾಲು ಕೂಡಿಸುವಂತೆ ತಾಯಿಹಾಲು ಕೂಡಿಸುವ ಬ್ಯಾಂಕುಗಳಿವೆ. 1989ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದಲ್ಲೇ ಮೊದಲನೆಯದನ್ನು ಕಟ್ಟಿದರು. ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಆರಂಭವಾಯಿತು. ಇಂಥ ಬ್ಯಾಂಕಿನಲ್ಲಿ ಹಾಲು ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿ, ಗಡ್ಡೆಗಟ್ಟಿಸಿ ಇಡುತ್ತಾರೆ. ಮಾರಾಟವಲ್ಲ, ದಾನ. ನಮ್ಮ ರಾಯಚೂರು ಭಾಗದ ಪ್ರತಿ ಕೂಸಿಗೂ ಇದು ಸಿಗುವಂತಾಗಬೇಕು ಎಂದು ನಾವು ಕೇಳಬೇಕು.

ಡಾಕ್ಟರು ಕಾರಣ ಹೇಳಿ ಪುಡಿ ಬರೆದುಕೊಟ್ಟರೆ ಕೊಡಲೇಬೇಕು, ಹಟ ಬೇಡ. ಆದರೆ ನಾವಾಗಿಯೇ ಡಬ್ಬಿ, ಬಾಟಲಿ ತರಬಾರದು. ಇವುಗಳ ಜಾಹೀರಾತನ್ನೇ 1992ರ ಕಾಯ್ದೆ ನಿಷೇಧಿಸಿದೆ.

ಇನ್ನು ನಮ್ಮ ಸಂಘ ಏನು ಮಾಡಬಹುದು? ಒಂದು, ಸಣ್ಣ ಕೂಸನ್ನು ಪಟ್ಟಣಕ್ಕೆ ಒಯ್ದರೆ ತಾಯಿಯನ್ನೂ ಜೊತೆಗೆ ಕಳಿಸೋಣ. ಎರಡು, ಬಡ ಸದಸ್ಯರ ಮನೆಯ ಬಾಣಂತಿ ಅಲ್ಲಿ ಉಳಿಯುವ ಊಟ, ವಸತಿ ಖರ್ಚಿಗೆ ಕಾಯ್ದೆ ಒಪ್ಪುವಷ್ಟು ಹಣವನ್ನು ಸಂಘ ತೆಗೆದಿಡಬೇಕೆಂದು ಮುಂದಿನ ಮಹಾಸಭೆಯಲ್ಲಿ ಠರಾವು ತರುತ್ತೇವೆ. ಮೂರು, ವರ್ಷಾ ವರ್ಷಾ ಆಗಸ್ಟ್ ಮೊದಲ ವಾರ, ಅಂದರೆ ಸ್ತನ್ಯಪಾನ ಸಪ್ತಾಹದಲ್ಲಿ, ಹಾಲು ಹಾಕುವ ಹೊತ್ತಿಗೆ ಆಶಾ ಕಾರ್ಯಕರ್ತೆಯರನ್ನು ಡೇರಿಗೆ ಕರೆಸಿ ಅತ್ತೆ-ಸೊಸೆಯರಿಗೆ, ಗಂಡಸರಿಗೆ ತಿಳಿಸೋಣ.

ಊರ ಹಾಲನ್ನು ಕೆಡದಂತೆ ಕಾಯ್ದ ಸಂಘ ನಮ್ಮದು. ಊರ ಕೂಸಿನ ಹಾಲನ್ನೂ ಕಾಯೋಣ. ಠರಾವು ಬಂದ ದಿನ ಎಲ್ಲರೂ ಕೈ ಎತ್ತಬೇಕೆಂದು ಬೇಡಿಕೊಳ್ಳುತ್ತೇವೆ.