ನೀರೊಲ್ಲದ ಪೊರೆಗೆ ನೀರೇ ಕೊಡುವ ಆಕಾರ



ನಮ್ಮ ರಕ್ತದ ಕೆಂಪುಕಣ ನಡುವೆ ಎರಡೂ ಬದಿ ತಗ್ಗಾದ, ಸುಮಾರು 8 ಮೈಕ್ರೋಮೀಟರ್ ಅಗಲದ ಬಿಲ್ಲೆ. ಅದಕ್ಕೆ ಈ ಆಕಾರ ಬಂದದ್ದು ಹೇಗೆ?

ಕಣದ ಪೊರೆಯ ಮೂಲವಸ್ತು ಕೊಬ್ಬಿನ ಅಣುಗಳು. ಅವುಗಳ ತಲೆ ನೀರಿಗೆ ಒಗ್ಗುತ್ತದೆ, ಬಾಲ ಒಗ್ಗುವುದಿಲ್ಲ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಆ ನಂಟಿಗೆ ಸೇರಲಾರದ ಬಾಲಗಳು ತಮ್ಮತಮ್ಮಲ್ಲೇ ಒತ್ತಾಗುತ್ತವೆ. ತಲೆಗಳು ಹೊರಗೆ, ಬಾಲಗಳು ಒಳಗೆ, ಹೀಗೆ ಎರಡು ಪದರದ ಹಾಳೆ ತಾನಾಗಿಯೇ ಏಳುತ್ತದೆ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪುಕಣಗಳ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಕಣಗಳ ಮೇಲ್ಮೈಯ ಎರಡರಷ್ಟು ಹರಡಿತು. ಪದರ ಎರಡಿವೆ ಎಂದು ಅವರು ಕಂಡುಕೊಂಡದ್ದು ಹೀಗೆ.

ಹಾಳೆಗೆ ಅಂಚು ಉಳಿದರೆ ಅಲ್ಲಿನ ಬಾಲಗಳು ನೀರಿಗೆ ಸಿಕ್ಕಿಬೀಳುತ್ತವೆ. ಅದಕ್ಕೇ ಅದು ಬಾಗಿ, ಅಂಚೇ ಇಲ್ಲದ ಚೀಲವಾಗಿ ಮುಚ್ಚಿಕೊಳ್ಳುತ್ತದೆ. ಹೊಲಿಯುವವರು ಯಾರೂ ಬೇಡ! ನನಗೆ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ.

ಈ ಪೊರೆಯನ್ನು ಎಳೆದು ಹಿಗ್ಗಿಸುವುದು ಕಷ್ಟ; ನೂರಕ್ಕೆ ಮೂರು ನಾಲ್ಕು ಪಾಲು ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ಬಾಗಿಸುವುದು ಮಾತ್ರ ಬಲು ಸುಲಭ. ಬಾಗಲು ಎಷ್ಟು ಶಕ್ತಿ ಬೇಕೆಂಬುದಕ್ಕೆ 1973ರಲ್ಲಿ ಜರ್ಮನಿಯ ವುಲ್ಫ್‌ಗಾಂಗ್ ಹೆಲ್‌ಫ್ರಿಷ್ ಒಂದು ಸೂತ್ರ ಕೊಟ್ಟರು. ಮೇಲ್ಮೈ ಇಷ್ಟು, ಒಳಗಿನ ದ್ರವ ಇಷ್ಟು ಎಂದು ಗೊತ್ತಾದರೆ, ಕಡಿಮೆ ಶಕ್ತಿಯಲ್ಲಿ ನಿಲ್ಲುವ ಆಕಾರವನ್ನು ಅದರಿಂದ ಲೆಕ್ಕಹಾಕಬಹುದು. ಪೊರೆಯ ಒಳಮೈಗೆ ಅಂಟಿದ ಪ್ರೋಟೀನ್ ಬಲೆಯ ಪಾತ್ರವೂ ಇದೆ. ಆದರೆ ಬಿಲ್ಲೆಯ ರೂಪಕ್ಕೆ ಮೂಲ ಈ ಲೆಕ್ಕವೇ.

ಕೆಂಪುಕಣದ ಮೇಲ್ಮೈ, ಅಷ್ಟೇ ದ್ರವ ಹಿಡಿಯುವ ಗೋಳಕ್ಕೆ ಬೇಕಾದುದಕ್ಕಿಂತ ಸುಮಾರು ನೂರಕ್ಕೆ 40ರಷ್ಟು ಹೆಚ್ಚು. ಅರ್ಧ ತುಂಬಿದ ಗೋಣಿಚೀಲವನ್ನು ಹೇಗೆ ಬೇಕಾದರೂ ಮಡಚಬಹುದಲ್ಲ, ಹಾಗೆಯೇ ಈ ಕಣ ತನಗಿಂತ ಕಿರಿದಾದ ಲೋಮನಾಳಗಳಲ್ಲೂ ಬಾಗಿ ನುಸುಳುತ್ತದೆ.

ಸುತ್ತಲಿನ ದ್ರಾವಣ ಬದಲಾದರೆ ಆಕಾರವೂ ಬದಲು. ಬರೀ ನೀರಿನಲ್ಲಿಟ್ಟರೆ ನೀರು ಒಳನುಗ್ಗಿ, ಬಿಲ್ಲೆ ಉಬ್ಬಿ ಗೋಳವಾಗುತ್ತದೆ, ಆಮೇಲೆ ಒಡೆಯುತ್ತದೆ. ಉಪ್ಪು ಹೆಚ್ಚಾದರೆ ನೀರು ಹೊರಹೋಗಿ, ಕಣ ಮುದುಡಿ ಮುಳ್ಳುಮುಳ್ಳಾಗುತ್ತದೆ. ಆಸ್ಪತ್ರೆಯ ಡ್ರಿಪ್ ಬಾಟಲಿಯ ಸಲೈನಿನಲ್ಲಿ ನೂರಕ್ಕೆ 0.9 ಪಾಲು ಉಪ್ಪಿರುವುದು ಇದಕ್ಕಾಗಿಯೇ.

ಕೆಲವರಲ್ಲಿ ಹುಟ್ಟಿನಿಂದಲೇ ಕೆಂಪುಕಣಗಳು ತಮ್ಮ ಪೊರೆಯನ್ನು ಚೂರುಚೂರಾಗಿ ಕಳೆದುಕೊಳ್ಳುತ್ತವೆ. ಮೇಲ್ಮೈ ಕುಗ್ಗಿ ಕಣ ಗುಂಡಗಾಗುತ್ತದೆ. ಬಾಗಲಾರದೆ ಗುಲ್ಮದ ಸಂದುಗಳಲ್ಲಿ ಸಿಕ್ಕಿ ನಾಶವಾಗುತ್ತದೆ. ಫಲ ರಕ್ತಹೀನತೆ, ಕಾಮಾಲೆ. ಇಂಥ ರಕ್ತವನ್ನು ಬೇರೆ ಬೇರೆ ಸಾಂದ್ರತೆಯ ಉಪ್ಪುನೀರಿಗೆ ಹಾಕಿ, ಯಾವುದರಲ್ಲಿ ಕಣ ಒಡೆಯಿತು ಎಂದು ಪ್ರಯೋಗಾಲಯದವರು ನೋಡುತ್ತಾರೆ. ಹೆಚ್ಚುವರಿ ಪೊರೆ ಉಳಿದಿಲ್ಲದ ಕಣ, ಆರೋಗ್ಯವಂತ ಕಣ ತಾಳಿಕೊಳ್ಳುವ ದ್ರಾವಣದಲ್ಲೇ ಒಡೆದುಹೋಗುತ್ತದೆ.